ಬೀರುವಿಗೆ ಮೂವರು, ಪ್ರಾರ್ಥನೆಗೆ ಯಾರು?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಭಾನುವಾರ ನಾನು ದೇವರ ಮುಂದೆ ಮಿಮಿಕ್ರಿ ಮಾಡಿದೆ. ಕೈ ಜೋಡಿಸಿ, ತೀರಿಹೋದ ತಾತನ ದನಿಯಲ್ಲಿ ಪ್ರಾರ್ಥನೆ ಮಾಡಿ, ಆಮೆನ್ ಹೇಳುವ ಮೊದಲೇ ಒಂದು ಕಣ್ಣು ತೆರೆದು ಯಾರು ಯಾರು ನಗುತ್ತಿದ್ದಾರೆ ಎಂದು ನೋಡಿದವನು ನಾನು.

ನನ್ನನ್ನು ಬಲ್ಲ ಓದುಗರಿಗೆ ಇದೇನೂ ಆಶ್ಚರ್ಯವಲ್ಲ. (ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ, ನನ್ನ ಮ್ಯಾನೇಜರ್, ಮೆಟ್ರೋ ಅನೌನ್ಸ್‌ಮೆಂಟಿನ ಹೆಂಗಸು, ಯಾರನ್ನೂ ನಾನು ಬಿಟ್ಟಿಲ್ಲ. ಒಮ್ಮೆ ನನ್ನನ್ನೇ ಅಣಕಿಸಿ ತೋರಿಸಿದೆ. ಯಾರೂ ಗುರುತು ಹಿಡಿಯಲಿಲ್ಲ.)

ನಡೆದದ್ದು ಇಷ್ಟು. ತಾತ ಹೋಗಿ ಕೆಲವು ತಿಂಗಳಾದವು. ಜೋಗುಪಾಳ್ಯದ ಅವರ ಮನೆ ಮಾರುವುದೆಂದು ತೀರ್ಮಾನವಾಗಿದೆ. ಅದರಲ್ಲಿ ಜಗಳವಿಲ್ಲ. ಜಗಳ ಒಳಗಿನ ಸಾಮಾನಿನದು. ಅದಕ್ಕಾಗಿ ನಮ್ಮಪ್ಪ, ಬಾಣಸವಾಡಿಯ ಜಯರಾಜ್ ಚಿಕ್ಕಪ್ಪ, ಜೀವನ್ ಬಿಮಾ ನಗರದ ಸುಗುಣತ್ತೆ ಮೂವರೂ ಭಾನುವಾರ ಬಂತೆಂದರೆ ಚರ್ಚ್ ಮುಗಿಸಿ ಅಲ್ಲಿ ಸೇರುತ್ತಾರೆ. ನಾನು ಅಪ್ಪನ ಡ್ರೈವರ್. ವಾರವೆಲ್ಲ ಆಫೀಸು, ಭಾನುವಾರ ಬೀರು. ಸಾಕಾಗಿದೆ, ಸ್ವಾಮಿ.

ಬೀರು ಎಂದರೆ ತೇಗದ ಬೀರು. ಅಜ್ಜಿಯ ಜೊತೆ ತವರಿಂದ ಬಂದದ್ದು. ಚಿಕ್ಕಪ್ಪನ ಫ್ಲ್ಯಾಟಿನ ಲಿಫ್ಟಿನಲ್ಲಿ ಅದು ಹಿಡಿಸುವುದಿಲ್ಲ. ಅತ್ತೆಯ ಮನೆಯ ವಾರ್ಡ್‌ರೋಬುಗಳು ಈಗಾಗಲೇ ಬಾಗಿಲು ಹಾಕಲಾಗದಷ್ಟು ತುಂಬಿವೆ. ನಮ್ಮ ಮನೆಗೆ ತಂದರೆ ಬೀರು ಒಳಗೆ, ನಾನು ಬಾಲ್ಕನಿಯಲ್ಲಿ. ಆದರೂ ಮೂವರಿಗೂ ಅದು ಬೇಕು. ಯಾಕೆ? ಇನ್ನಿಬ್ಬರಿಗೆ ಬೇಕಲ್ಲ, ಅದಕ್ಕೆ!

ನಾವು ಕ್ರೈಸ್ತರು ಜಗಳವನ್ನೂ ಪ್ರಾರ್ಥನೆಯಿಂದಲೇ ಶುರುಮಾಡುವವರು. ಅದರಲ್ಲೊಂದು ಅನುಕೂಲವಿದೆ. ಪ್ರಾರ್ಥನೆ ಮಾಡುವವರ ಮಾತಿಗೆ ಯಾರೂ ಅಡ್ಡ ಬರುವಂತಿಲ್ಲ. ಕೊನೆಯಲ್ಲಿ ಆಮೆನ್ ಬೇರೆ ಹೇಳಬೇಕು. ದೇವರಿಗೆ ಇ-ಮೇಲ್, ಒಡಹುಟ್ಟಿದವರಿಗೆ ಸಿಸಿ.

"ಕರ್ತನೇ," ಅತ್ತೆ ಶುರುಮಾಡಿದರು, "ಅಪ್ಪನ ಜೊತೆ ಆಸ್ಪತ್ರೆಯಲ್ಲಿ ಯಾರು ಕೂತಿದ್ದರು, ಯಾರು ಬರೀ ಫೋನ್ ಮಾಡುತ್ತಿದ್ದರು, ಎಲ್ಲವನ್ನೂ ನೀನೇ ಬಲ್ಲೆ."

"ಆಮೆನ್," ಎಂದರು ಚಿಕ್ಕಪ್ಪ, ಹಲ್ಲು ಕಚ್ಚಿಕೊಂಡು. ಈಗ ಅವರ ಸರದಿ. "ತಂದೆಯೇ, ಅಮ್ಮನ ಬಳೆಗಳನ್ನು ಆಗಲೇ ಕೊಂಡುಹೋದವರಿಗೆ ಬೀರುವಿನ ಆಸೆಯನ್ನಾದರೂ ಬಿಡುವ ಕೃಪೆಯನ್ನು ದಯಪಾಲಿಸು."

"ಎಲ್ಲವೂ ನಿನ್ನ ಚಿತ್ತ," ಎಂದರು ನಮ್ಮಪ್ಪ, ಬಹಳ ವಿನಯದಿಂದ. (ಒಂದು ಕೈ ಬೀರುವಿನ ಹಿಡಿಯ ಮೇಲಿತ್ತು.)

ಮಧ್ಯಾಹ್ನ ಜಾರಿತು. ಬಿರಿಯಾನಿ ತಣ್ಣಗಾಯಿತು. ಯಾರೂ ಬಗ್ಗಲಿಲ್ಲ. ನನ್ನ ತಲೆ ಭಾರವಾಗಿ, ಈ ಬೀರುವಿಗೆ ಗೆದ್ದಲಾದರೂ ಹಿಡಿಯಬಾರದೇ ಎನಿಸತೊಡಗಿತ್ತು. ಕೊನೆಗೆ ಅತ್ತೆಯೇ ಸೋತು, "ಇವತ್ತಿಗೆ ಸಾಕು. ಲೋ, ಕ್ಲೋಸಿಂಗ್ ಪ್ರೇಯರ್ ನೀನ್ ಮಾಡೋ. ನಾವ್ ಮಾಡಿದ್ರೆ ಮತ್ತೆ ಶುರುವಾಗುತ್ತೆ," ಎಂದರು.

ನನಗೆ ಪ್ರಾರ್ಥನೆ ಎಲ್ಲಿ ಬರುತ್ತದೆ? ಬರುವುದು ಮಿಮಿಕ್ರಿ. ತಾತನನ್ನೇ ಕರೆಸಿದೆ.

ತಾತ ದಿನಾ ಸಂಜೆ ಗಲ್ಲಿಯ ಕಡೆಯ ಕಿಟಕಿಯ ಬಳಿ ಮಂಡಿಯೂರಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ನಾನೂ ಅಲ್ಲಿಗೇ ಹೋಗಿ ಮಂಡಿಯೂರಿದೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ. "ಸ್ತೋತ್ರಾ... ಕರ್ತನೇ..." ಎಂದು ಎಳೆದೆ. "ಈ ಮನೆಯ ಮೇಲೆ ನಿನ್ನ ಕರುಣೆ ಇರಲಿ, ಯಾರದು ಗೇಟ್ ತೆಗ್ದಿಟ್ಟಿರೋದು, ನಾಯಿ ಬರುತ್ತೆ, ಎಂದೆಂದಿಗೂ ಇರಲಿ..."

ಚಿಕ್ಕಪ್ಪ ಮೊದಲು ನಕ್ಕರು. ಅಪ್ಪ ನಗಲು ಹೋಗಿ ಮುಖ ತಿರುಗಿಸಿಕೊಂಡರು. ಅತ್ತೆ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೋ ಮಿಮಿಕ್ರಿ ಹಿಟ್ ಆದ ಖುಷಿ. ಅಲ್ಲಿಗೇ ನಿಲ್ಲಿಸಿ ಎದ್ದು ತಿರುಗಿದರೆ ಬಾಗಿಲಲ್ಲಿ ಪಕ್ಕದ ಮನೆಯ ವಸಂತಾ ಆಂಟಿ! ಕಲಸುತ್ತಿದ್ದ ಚಪಾತಿ ಹಿಟ್ಟು ಕೈಗೆ ಮೆತ್ತಿಕೊಂಡು ಹಾಗೇ ಇದೆ. ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದಾರೆ.

"ಅಯ್ಯೋ ಆಂಟಿ, ಸುಮ್ನೆ ತಮಾಷೆಗೆ..." ಎಂದೆ.

ಅವರು ಕಣ್ಣು ಬಿಟ್ಟರು. "ತಮಾಷೆ ಅಂತ ಗೊತ್ತು ಕಣ್ಣಾ. ಅವರಿಗೆ ಹಿಡಿ ಮಣ್ಣು ಹಾಕಿದ್ದು ಮರ್ತಿದೀನಾ? ಆದ್ರೂ ದನಿ ಕೇಳಿಸ್ತು, ಕಾಲು ತಾನಾಗೇ ಬಂತು. ರೇವತಿ ಹೆಸರು ಬರೋವರ್ಗೂ ನಿಂತಿರೋಣ ಅಂದ್ಕೊಂಡೆ. ಅಷ್ಟರಲ್ಲಿ ನಿಲ್ಲಿಸ್ಬಿಟ್ಟೆ ನೀನು."

ರೇವತಿ ಅವರ ಮಗಳು. ಎರಡು ಸಲ ಬಸುರಾಗಿ ಎರಡು ಸಲವೂ ಕಳೆದುಕೊಂಡವಳು. ಈಗ ಮತ್ತೆ ಏಳು ತಿಂಗಳು. ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರಂತೆ ಡಾಕ್ಟರು. ವಿಷಯ ತಿಳಿದ ದಿನದಿಂದ ತಾತ ಅವಳ ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದರಂತೆ. ಗಲ್ಲಿಯ ಆಚೆ ತಮ್ಮ ಅಡುಗೆಮನೆಯಲ್ಲಿ ನಿಂತು ಆಂಟಿ ಅದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದರು.

"ಶುಕ್ರವಾರ ನಮ್ಮ ಅಮ್ಮನ ಗುಡೀಲಿ ನಾನು ಕೇಳ್ಕೊಳ್ತೀನಿ. ಸಂಜೆ ಇಲ್ಲಿ ಅವರು ಕೇಳ್ಕೊಳ್ತಿದ್ರು. ಏನೋ ಒಂದು ಧೈರ್ಯ," ಎಂದ ಆಂಟಿ ಒಬ್ಬೊಬ್ಬರನ್ನೇ ನೋಡಿದರು. "ನೀವೆಲ್ಲ ಭಾಗ ಮಾಡ್ಕೊಳ್ತಿದ್ದೀರಂತೆ. ಆ ಪ್ರಾರ್ಥನೆ ಯಾರ ಪಾಲಿಗೆ ಬಂತಪ್ಪ?"

ಬೀರುವಿಗೆ ಮೂವರು ವಾರಸುದಾರರು, ಇದಕ್ಕೆ ಒಬ್ಬರೂ ಇಲ್ಲ.

ನಿಮ್ಮ ಮನೆಯಲ್ಲಿ ಹೇಗೆ? ಸೈಟು, ಬಳೆ, ಬೀರು ಯಾರಿಗೆ ಎಂಬುದಕ್ಕೆ ಎಲ್ಲರ ಬಾಯಲ್ಲೂ ಉತ್ತರವಿರುತ್ತದೆ. ಹಿರಿಯರು ಸಂಜೆ ಸಂಜೆ ಮಂಡಿ ನೋಯಿಸಿಕೊಂಡು ಹೊತ್ತಿದ್ದ ಹೆಸರುಗಳು ಯಾರಿಗೆ? ನಮ್ಮ ತಾತ ಬೀರು ತೆಗೆದದ್ದನ್ನು ನಾನು ನೋಡಿದ್ದೇ ಅಪರೂಪ. ದಿನಾ ಬಳಸುತ್ತಿದ್ದದ್ದು ಈ ಪ್ರಾರ್ಥನೆಯೊಂದನ್ನೇ. ಅದನ್ನು ಸಾಗಿಸಲು ಟೆಂಪೋ ಬೇಡ. ಎಂಥ ಸಣ್ಣ ಲಿಫ್ಟಿನಲ್ಲೂ ಹಿಡಿಸುತ್ತದೆ. ಮೂರು ಪಾಲು ಮಾಡುವ ಗೋಜೂ ಇಲ್ಲ, ಮೂವರೂ ಇಡಿಯಾಗಿ ಒಯ್ಯಬಹುದಿತ್ತು. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಬೇರೆಯವರನ್ನೇಕೆ ಅನ್ನಲಿ? ಅಷ್ಟು ವರ್ಷ ತಾತನ ಪಕ್ಕದಲ್ಲೇ ಕೂತು ನಾನು ಕಲಿತದ್ದು ಅವರ ಗಂಟಲಿನ ಸದ್ದು. ಅವರು ಯಾರಿಗಾಗಿ ಬೇಡುತ್ತಿದ್ದಾರೆ ಎಂದು ಒಮ್ಮೆಯಾದರೂ ಕೇಳಿಸಿಕೊಂಡಿದ್ದರೆ ರೇವತಿಯ ಹೆಸರು ನನ್ನ ಬಾಯಲ್ಲಿ ಬರುತ್ತಿತ್ತು.

"ನಮ್ಮ ಪಾಸ್ಟರ್‌ಗೆ ಹೇಳಿ ಚರ್ಚಲ್ಲೇ ಪ್ರಾರ್ಥನೆ ಮಾಡಿಸ್ತೀವಿ ಬಿಡಿ, ವಸಂತಕ್ಕ," ಎಂದರು ಚಿಕ್ಕಪ್ಪ. (ನಮ್ಮ ಮನೆಯಲ್ಲಿ ಕಷ್ಟದ ಕೆಲಸವೆಲ್ಲ ಪಾಸ್ಟರ್‌ಗೆ ಫಾರ್ವರ್ಡ್ ಆಗುತ್ತದೆ.)

"ಮಾಡ್ಸಪ್ಪ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ಹೇಳಿದ್ರೆ ನನ್ನ ಅಡುಗೆಮನೆಗೆ ಕೇಳಿಸಲ್ವಲ್ಲ," ಎಂದರು ಆಂಟಿ.

ಚಿಕ್ಕಪ್ಪ ಅಪ್ಪನನ್ನು ನೋಡಿದರು. ಅಪ್ಪ ಅತ್ತೆಯನ್ನು ನೋಡಿದರು. ಅತ್ತೆ ನನ್ನನ್ನು ನೋಡಿ ಮೆಲ್ಲಗೆ, "ಮಾಡೋ," ಎಂದರು. ಈ ಸಲ ಅವರ ದನಿಯಲ್ಲಿ ಯಾರಿಗೂ ಸಿಸಿ ಇರಲಿಲ್ಲ.

ಮತ್ತೆ ಕಿಟಕಿಯ ಬಳಿ ಮಂಡಿಯೂರಿದೆ. ಎರಡೂ ಕಣ್ಣು ಮುಚ್ಚಿದೆ. ಆ ಹುಡುಗಿ ಈ ಸಲ ಮಗುವನ್ನು ಎತ್ತಿಕೊಳ್ಳಲಿ ಎಂದು ನಿಜವಾಗಿ ಕೇಳಬೇಕಿತ್ತು, ಹೇಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಹೆದರಿಕೆಗೆ ಗಂಟಲು ತನ್ನ ಹಳೆಯ ಚಾಳಿಗೆ ಬಿತ್ತು. "ಸ್ತೋತ್ರಾ... ಕರ್ತನೇ..."

ಹೆಗಲ ಮೇಲೆ ಹಿಟ್ಟಿನ ಕೈ ಬಿತ್ತು.

"ತಾತನ ದನಿ ದೇವ್ರು ಬೇಕಾದಷ್ಟು ಕೇಳಿದಾನೆ ಕಣ್ಣಾ," ಎಂದರು ವಸಂತಾ ಆಂಟಿ. "ನಿಂದು ಇನ್ನೂ ಒಂದ್ಸಲಾನೂ ಕೇಳಿಲ್ಲ. ನಿನ್ನ ದನೀಲಿ ಹೇಳು."