ಕೋರ್ಸಿಕಾಕ್ಕೆ ಹೊರಟವರ ತೂಕ

ನನ್ನ ಗಂಡನ ಬಾಸ್‌ಗೆ ವಿಮಾನ ಹಾರಿಸುವ ಲೈಸೆನ್ಸ್ ಸಿಕ್ಕಿದ ಮೇಲೆ ನಮ್ಮ ಗುರುವಾರದ ಸಂಜೆಗಳು ಹಾಳಾದವು. ಶುಕ್ರವಾರ, ಶನಿವಾರ ಕತಾರಿನಲ್ಲಿ ರಜೆ. ಗುರುವಾರ ಸಂಜೆ ಎಂದರೆ ಕಾಲು ಚಾಚಿ ಕೂರುವ ಹೊತ್ತು. ಆದರೆ ಬಾಸ್ ಕರೆದರೆ ಹೋಗಬೇಕು. ಅಬು ಹಮೂರ್ ಬಡಾವಣೆಯ ಅವರ ವಿಲ್ಲಾದಲ್ಲಿ ಉಣ್ಣಬೇಕು, ಅವರು ಆಕಾಶದಲ್ಲಿ ಮಾಡಿದ ಪರಾಕ್ರಮ ಕೇಳಬೇಕು, ಬಾಯಿ ಬಿಟ್ಟು ಆಶ್ಚರ್ಯಪಡಬೇಕು. ಬಾಯಿ ಬಿಡುವ ಕೆಲಸ ನನ್ನ ಗಂಡನದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಅವರು. ಬಾಸ್ ಹೇಳಿದ್ದಾದರೆ ಕರುವಿಗೆ ಹೆಸರನ್ನೂ ಇಟ್ಟುಬಿಡುತ್ತಾರೆ.

ಬಾಸ್ ನಮ್ಮ ಕರಾವಳಿಯವರೇ. ಅವರ ಮನೆಯಲ್ಲಿ ತುಳು, ನಮ್ಮ ಮನೆಯಲ್ಲಿ ಕೊಂಕಣಿ, ಹಾಗಾಗಿ ಎಲ್ಲರೂ ಸೇರಿದಾಗ ಕನ್ನಡ. ದೋಹಾದ ಕಟ್ಟಡಗಳಿಗೆ ಏಸಿ ಹಾಕಿಸುವ ಕಂಪೆನಿ ನಡೆಸಿ ಚೆನ್ನಾಗಿಯೇ ದುಡಿದವರು. ಇಲ್ಲಿ ಬಿಸಿಲು ಮೈ ಸುಡುವ ತಿಂಗಳುಗಳಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ಊರಿನ ಫ್ಲೈಯಿಂಗ್ ಕ್ಲಬ್ಬಿಗೆ ಹೋಗಿ, ಒಂದು ಸಲ ಫೇಲಾಗಿ, ಆಮೇಲೆ ಪಾಸಾಗಿ ಬಂದರು. ನಾಲ್ಕು ಸೀಟಿನ ವಿಮಾನ, ಅದೂ ಕ್ಲಬ್ಬಿನದ್ದು, ಬಾಡಿಗೆಗೆ ಸಿಗುವಂಥದ್ದು. ವಯಸ್ಸಾದ ಮೇಲೆ ಏನಾದರೂ ಕಲಿಯುವುದು ಒಳ್ಳೆಯದೇ, ಬೇಡ ಎಂದವರು ಯಾರು? ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಮನುಷ್ಯ ಪೈಲಟ್ಟಿನ ಹೆಡ್‌ಫೋನ್ ಕತ್ತಿಗೆ ನೇತುಹಾಕಿಕೊಂಡು ಮೀನಿನ ಗಸಿ ಉಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನದಿಂದ ನಾನು ಮನಸ್ಸಿನಲ್ಲಿ ಅವರನ್ನು ಕ್ಯಾಪ್ಟನ್ ಎಂದೇ ಕರೆಯುವುದು.

ಈದ್ ರಜೆಗೆ ಅವರು, ಅವರ ಹೆಂಡತಿ, ನಾವಿಬ್ಬರು ಒಟ್ಟಿಗೆ ಫ್ರಾನ್ಸಿಗೆ ಹೋಗುವುದು, ಅಲ್ಲಿ ಕ್ಲಬ್ಬಿನ ವಿಮಾನ ತೆಗೆದುಕೊಂಡು ವಾರಾಂತ್ಯಕ್ಕೆ ಎಲ್ಲಿಗಾದರೂ ಹಾರುವುದು ಎಂದು ಕ್ಯಾಪ್ಟನ್ ತೀರ್ಮಾನಿಸಿದರು. ಎಲ್ಲಿಗೆ ಎನ್ನುವುದನ್ನು ಎಲ್ಲರೂ ಸೇರಿ ಆರಿಸೋಣ ಎಂದು ಒಂದು ಗುರುವಾರ ಊಟಕ್ಕೆ ಕರೆದರು. ನಾವು ಹೋಗುವಾಗಲೇ ಗೋಡೆಯಗಲದ ಟಿವಿಯಲ್ಲಿ ಫ್ರಾನ್ಸಿನ ನಕ್ಷೆ ಹಾಕಿಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬ ಪಾಠ ಶುರುವಾಯಿತು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಸಣ್ಣ ಆಳು, ಗಾಳಿ ಬಂದರೆ ಹಾರಿಹೋಗುವಂತಿದ್ದಾರೆ. ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಹಕ್ಕು ಒಬ್ಬರಿಗೇ ಇರುವುದರಿಂದ ಅಕ್ಕನ ದನಿ ಕೇಳಬೇಕಾದರೆ ಅಡುಗೆಮನೆಗೇ ಹೋಗಬೇಕು. ಅವತ್ತೂ ನಾನು ಹೋದೆ. ಅಕ್ಕ ಕೋರಿರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದರು. ಹೊರಗೆ ಕ್ಯಾಪ್ಟನ್, ಕಳೆದ ಬೇಸಗೆಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹಾರಿದ ಕತೆಯನ್ನು ನನ್ನ ಗಂಡನಿಗೆ ಇನ್ನೊಮ್ಮೆ ಹೇಳತೊಡಗಿದ್ದರು. ದಿಢೀರೆಂದು ಮೋಡ ಕವಿದು ದಾರಿ ಕಾಣದಂತಾದದ್ದು, ಕೆಳಗಿನ ಟವರಿನವನು ಗದರಿದ್ದು, ಇವರು ಚೂರೂ ಹೆದರದೆ ಇಳಿಸಿದ್ದು, ಅಕ್ಕ ಮಾತ್ರ ಕವರಿಗೆ ವಾಂತಿ ಮಾಡುತ್ತಾ ದೇವರ ಹೆಸರು ಹೇಳುತ್ತಿದ್ದದ್ದು. ವಾಂತಿಯ ಜಾಗ ಬಂದಾಗ ಯಾವಾಗಲೂ ಒಂದು ನಗು ಇರುತ್ತದೆ. ನನ್ನ ಗಂಡ ಸರಿಯಾದ ಸಮಯಕ್ಕೆ ನಕ್ಕರು.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಇವರ ಕೈ ನಡುಗ್ತಿತ್ತು," ಎಂದರು. "ಹಿಡಿದ ಹಿಡಿಯೇ ಅಲ್ಲಾಡ್ತಿತ್ತು. ನಾನು ನೋಡಿದ್ದೇನೆ. ಅದೊಂದನ್ನು ಮಾತ್ರ ಇವರು ಯಾರಿಗೂ ಹೇಳುದಿಲ್ಲ."

ಬರುವುದಿಲ್ಲ ಎಂದು ಹೇಳಿಬಿಡಿ ಎಂದೆ. ಹೇಳಿ ಆಗಿದೆಯಂತೆ, ಎರಡು ಸಲ. ಜನರ ಮುಂದೆ ಮರ್ಯಾದೆ ತೆಗೆಯಬೇಡ, ಗಂಡ ಹಾರಿಸುವ ವಿಮಾನದಲ್ಲಿ ಹೆಂಡತಿಯೇ ಕೂರದಿದ್ದರೆ ನಾಳೆ ಉಳಿದವರು ಕೂರುತ್ತಾರಾ ಎಂದು ಅವರು ಬೈದರಂತೆ. ಈಗ ಅಕ್ಕನಿಗೆ ಉಳಿದದ್ದು ಒಂದೇ ಆಸೆ, ಹತ್ತಿರದ ಊರು ಆರಿಸಲಿ ಎಂದು. ಅವಿನ್ಯೋನ್ ಎಂಬ ಊರಿದೆಯಂತೆ, ಹಳೆಯ ಸೇತುವೆ, ದೊಡ್ಡ ಅರಮನೆ, ದಾರಿಯುದ್ದಕ್ಕೂ ಕೆಳಗೆ ನೆಲವೇ. ಹತ್ತಿದ ಹಾಗೆ ಇಳಿಯಬಹುದು. ನಿನ್ನ ಗಂಡನ ಬಾಯಲ್ಲಿ ಅವಿನ್ಯೋನ್ ಎನ್ನಿಸು ಎಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ಐಸಿನಂತೆ ತಣ್ಣಗಿತ್ತು. ಆಗಲಿ ಎಂದೆ.

ಊಟದ ಮೇಜಿನಲ್ಲಿ ನಾನು ಗಂಡನ ಕಿವಿಯಲ್ಲಿ ಉಸುರಿದೆ. ಅವರು ಗಂಟಲು ಸರಿಮಾಡಿಕೊಂಡು, "ಸರ್, ಅವಿನ್ಯೋನ್ ಹೇಗೆ?" ಎಂದು ಕೇಳಿದರು. ಅಷ್ಟು ಧೈರ್ಯ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಿನ್ಯೋನ್ ಅಜ್ಜಿಯಂದಿರು ರೈಲಿನಲ್ಲಿ ಹೋಗುವ ಊರು ಎಂದು ಕ್ಯಾಪ್ಟನ್ ಹೇಳಿದರು. ಹೌದು ಹೌದು, ಅದು ಅಜ್ಜಿಯಂದಿರ ಊರೇ ಎಂದು ನನ್ನ ಗಂಡ ಒಪ್ಪಿದರು. ಧೈರ್ಯದ ಆಯುಷ್ಯ ಮುಗಿಯಿತು. ಇನ್ನು ಆಲ್ಪ್ಸ್ ಬೆಟ್ಟದ ಊರುಗಳಿಗೆ ಹಾರಲಿಕ್ಕೆ ಬೇರೆ ತರಬೇತಿ ಬೇಕಂತೆ, ಅದಕ್ಕೆ ಕ್ಲಬ್ಬಿನವರು ಬಿಡುವುದಿಲ್ಲವಂತೆ. ಅದನ್ನು ಕ್ಯಾಪ್ಟನ್, ಬೆಟ್ಟದಲ್ಲಿ ನೋಡಲಿಕ್ಕೆ ಎಂಥದ್ದೂ ಇಲ್ಲ ಎಂದು ತಿರುಗಿಸಿ ಹೇಳಿದರು. ಕೊನೆಗೆ ಸಮುದ್ರದ ನಡುವಿನ ಕೋರ್ಸಿಕಾ ದ್ವೀಪದ ಮೇಲೆ ಬೆರಳಿಟ್ಟರು. "ಖಲಾಸ್. ಇದೇ," ಎಂದರು. ಎಲ್ಲರೂ ಸೇರಿ ಆರಿಸುವುದು ಎಂದರೆ ಇದು. ಅಕ್ಕ ಗಸಿಯ ಪಾತ್ರೆಯೊಳಗೆ ಸೌಟು ಆಡಿಸುತ್ತಾ ನಿಂತಿದ್ದರು.

ಆಮೇಲೆ ತೂಕದ ವಿಷಯ ಬಂತು. ಸಣ್ಣ ವಿಮಾನ ನೋಡಿ, ಸೀಟು ನಾಲ್ಕಿದ್ದರೂ ಟ್ಯಾಂಕಿ ತುಂಬಿಸಿದರೆ ನಾಲ್ಕು ದೊಡ್ಡ ಜನರನ್ನು ಹೊರುವುದಿಲ್ಲವಂತೆ. ಹತ್ತಿರದ ಊರಾದರೆ ಎಣ್ಣೆ ಕಡಿಮೆ ಸಾಕು, ದ್ವೀಪಕ್ಕೆ ಪೂರ್ತಿ ಬೇಕು. ಪ್ರತಿಯೊಬ್ಬರ ತೂಕ ಫೋನಿನಲ್ಲಿ ಹಾಕಿದರೆ ಆಗುವುದಾದರೆ ಹಸಿರು, ಆಗದಿದ್ದರೆ ಕೆಂಪು ತೋರಿಸುತ್ತದೆ.

ನಮ್ಮ ಗಲ್ಫಿನ ಜನಕ್ಕೆ ತೂಕದ ಪಾಠ ಬೇಕಾಗಿಲ್ಲ. ಊರಿಗೆ ಹೊರಡುವ ವಾರ ಮನೆಮನೆಯಲ್ಲೂ ಕೊಕ್ಕೆಯ ತಕ್ಕಡಿಗೆ ಸೂಟ್‌ಕೇಸ್ ನೇತುಹಾಕುವುದು, ಹಾಲಿನಪುಡಿ ತೆಗೆದು ಬಾದಾಮಿ ಹಾಕುವುದು, ಬಾದಾಮಿ ತೆಗೆದು ಟ್ಯಾಂಗ್ ಹಾಕುವುದು. ಅರ್ಧ ಕಿಲೋಕ್ಕೆ ಗಂಡಹೆಂಡಿರು ಮಾತು ಬಿಟ್ಟದ್ದುಂಟು. ಪೆಟ್ಟಿಗೆಯ ತೂಕ ಇಷ್ಟು ಚೆನ್ನಾಗಿ ಗೊತ್ತಿರುವ ನಾವು ಸ್ವಂತ ತೂಕ ಕೇಳಿದರೆ ಮಾತ್ರ ಹಸಿಹಸಿ ಸುಳ್ಳು ಹೇಳುತ್ತೇವೆ. ಕ್ಯಾಪ್ಟನ್ ತಮ್ಮದು ಎಂಬತ್ತು ಎಂದು ಒತ್ತಿದರು. ಎಂಬತ್ತಂತೆ! ಆ ಹೊಟ್ಟೆಯನ್ನು ಯಾರ ಲೆಕ್ಕಕ್ಕೆ ಬರೆದರೋ ದೇವರೇ ಬಲ್ಲ. ಅವರಿಗಿಂತ ಜಾಸ್ತಿ ಹೇಳಿದರೆ ಅವಿಧೇಯತೆಯಾದೀತೆಂದು ನನ್ನ ಗಂಡ ಎಪ್ಪತ್ತು ಎಂದರು. ವಿಮಾನ ಮೇಲೇಳುವಾಗ ಈ ಸುಳ್ಳನ್ನೆಲ್ಲ ಎತ್ತುವವರು ಯಾರು ಎಂದು ಕೇಳಬೇಕೆನಿಸಿತು. ನಾನು ಅರವತ್ತು ಎಂದೆ, ಅದು ನಿಜ.

"ನಿಂದೆಷ್ಟು?" ಎಂದು ಕ್ಯಾಪ್ಟನ್ ಫೋನ್ ನೋಡುತ್ತಲೇ ಹೆಂಡತಿಯನ್ನು ಕೇಳಿದರು.

ಅಕ್ಕ, "ತೊಂಬತ್ತೆರಡು," ಎಂದರು.

ನಾನು ತಲೆಯೆತ್ತಿದೆ. ಕ್ಯಾಪ್ಟನ್ ಎತ್ತಲಿಲ್ಲ. ಎರಡು ಅಂಕಿ ಒತ್ತಿದರು, ಫೋನ್ ಕೆಂಪಾಯಿತು. ತುಪ್ಪ ಸುರಿದುಕೊಂಡು ತಿನ್ನುವಾಗ ಗೊತ್ತಾಗಬೇಕಿತ್ತು, ಇನ್ನು ನೀನು ಹೋಟೆಲಿನಲ್ಲೇ ಕೂತಿರು ಎಂದು ಹೇಳಿ ಗೊಣಗಿದರು. ನನ್ನ ಗಂಡ ಅಕ್ಕನನ್ನು ನೋಡಿ, ನೋಡಿದ್ದನ್ನು ನಂಬಲಾಗದೆ ಬಾಯಿ ತೆರೆಯಲಿದ್ದರು. ನಾನು ಮೇಜಿನಡಿಯಲ್ಲಿ ಅವರ ಕಾಲು ತುಳಿದೆ. ಮದುವೆಯಾದಲ್ಲಿಂದ ಮೊದಲ ಸಲ ಅವರಿಗೆ ಒಂದು ವಿಷಯ ಒಂದೇ ಸಲಕ್ಕೆ ಅರ್ಥವಾಯಿತು. ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ಆ ಮನೆಯಲ್ಲಿ ನಾನು ಅವರನ್ನು ಹಾಗೆ ಕಂಡದ್ದೇ ಇಲ್ಲ. ನನಗೆ ಖುಷಿಯಾಯಿತು.

ಆ ಖುಷಿಯಲ್ಲಿ ನನ್ನ ತಲೆಯೂ ಓಡಿತು. ನಡುಗುವ ಕೈಯವರ ಹಿಂದೆ ಕೂತು ಸಮುದ್ರ ದಾಟಲಿಕ್ಕೆ ನನಗೇನು ಹುಚ್ಚಾ? ಸರ್, ನಂದು ತಪ್ಪಿ ಹೇಳಿದೆ, ಅರವತ್ತಲ್ಲ, ತೊಂಬತ್ತು ಎಂದುಬಿಟ್ಟೆ.

ಕ್ಯಾಪ್ಟನ್ ಆಗ ಫೋನಿನಿಂದ ತಲೆಯೆತ್ತಿದರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಕ್ಕರು.

"ತಮಾಷೆ ಮಾಡ್ತೀರಾ? ತೊಂಬತ್ತು ಕಿಲೋದವರು ಹೇಗಿರ್ತಾರೆ ಅಂತ ನೋಡಿದ್ರೆ ಗೊತ್ತಾಗುದಿಲ್ವಾ ನನಗೆ?"

ತಟ್ಟೆಗಳ ಸದ್ದು ನಿಂತಿತು. ಅಕ್ಕನ ಮುಖದ ಹಗುರ ಅಲ್ಲೇ ಇಳಿದುಹೋಯಿತು. ನನ್ನ ನಾಲಗೆ ಬಿದ್ದುಹೋಗಬಾರದಿತ್ತೇ ಎನಿಸಿತು. ಅವರು ತಟ್ಟೆಗಳನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಎದುರಿಗೆ ಬಂದು ನಿಂತರು.

"ನನ್ನದು ನಲವತ್ತೊಂಬತ್ತು," ಎಂದರು. "ನಾನು ಬರುದಿಲ್ಲ."

ಅಡುಗೆಮನೆಯ ದನಿಯಲ್ಲ ಅದು. ನನ್ನ ಗಂಡ ಕೂಡ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆದರೆ ಕ್ಯಾಪ್ಟನ್ ಮಹಾನುಭಾವ ಏನು ಮಾಡಿದರು ಗೊತ್ತೇ? ತೊಂಬತ್ತೆರಡು ಅಳಿಸಿ ನಲವತ್ತೊಂಬತ್ತು ಒತ್ತಿದರು. ಫೋನ್ ಹಸಿರಾಯಿತು. ಅದನ್ನು ಹೆಂಡತಿಯ ಮುಖದ ಹತ್ತಿರ ಹಿಡಿದು, "ನೋಡು, ಈಗ ಆಗ್ತದೆ," ಎಂದರು.

"ಆಗುದಿಲ್ಲ," ಎಂದರು ಅಕ್ಕ.