ಎರಡನೆಯ ಜೈಲು

ಶ್ರದ್ಧಾಂಜಲಿ ಭಾಷಣ ಅಂದರೆ ನನಗೆ ಮೊದಲಿನಿಂದಲೂ ಮೈ ಉರಿ. ಡಬ್ಲಿನ್ನಿನ ನಮ್ಮ ಕನ್ನಡದವರ ಆನ್‌ಲೈನ್ ಕಾರ್ಯಕ್ರಮಗಳಿಗೆಲ್ಲ ನಾನೇ ನಿರೂಪಕಿಯಾದ್ದರಿಂದ ಗಣ್ಯರ ಬಾಯಿಂದ ಇಂಥವನ್ನು ಸಾಕಷ್ಟು ಕೇಳಿದ್ದೇನೆ. ಯಾರು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರೋ ಅವರ ಫೋಟೋಗೇ ಹಾರ ಹಾಕಿ ಗದ್ಗದರಾಗುತ್ತಾರೆ. ಆದರೆ ಕೋವಿಡ್ ಕಾಲದಲ್ಲಿ ಪಕ್ಕದ ಮನೆಯ ಮುದುಕರ ಅಂತ್ಯಕ್ರಿಯೆಯಲ್ಲಿ ಕೇಳಿದಂಥ ಹೇಸಿಗೆಯನ್ನು ಮತ್ತೆಲ್ಲೂ ಕೇಳಿಲ್ಲ.

ಡಬ್ಲಿನ್ನಿನ ಅಂಚಿನ ಆಡಮ್ಸ್‌ಟೌನಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಮಗಳು ನರ್ಸ್. ಅವಳು ಡ್ಯೂಟಿಗೆ ಹೋದರೆ ಮನೆಯಲ್ಲಿ ಮುದುಕರೊಬ್ಬರೇ. ಲಾಕ್‌ಡೌನಿನಲ್ಲಿ ಹಿತ್ತಲ ಬೇಲಿಯಾಚೆ ಕುರ್ಚಿ ಹಾಕಿಕೊಂಡು ಅವರು, ಈಚೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಾನು. ಹಾಗೆ ಅವರ ಇಡೀ ರಾಜಕೀಯ ನನ್ನ ಕಿವಿಗೆ ಬಿತ್ತು. ಯುವಕರಾಗಿದ್ದಾಗ ಡಬ್ಲಿನ್ನಿನಲ್ಲಿ ಕಾನೂನು ಓದಿ, ಆಫ್ರಿಕಾದ ತಮ್ಮ ದೇಶಕ್ಕೆ ಮರಳಿ, ರೈಲ್ವೆ ಕಾರ್ಮಿಕರ ಸಂಘ ಕಟ್ಟಿ, ಮುಷ್ಕರ ಮಾಡಿಸಿ ಬ್ರಿಟಿಷರ ಜೈಲಿಗೆ ಹೋಗಿದ್ದರು. ಸ್ವಾತಂತ್ರ್ಯ ಬಂದಾಗ ಮಂತ್ರಿಯಾದರು. ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕುವ ಕಾಯ್ದೆಯನ್ನು ಹೊಸ ಸರ್ಕಾರ ತಂದಾಗ ಇವರೂ ಅದರ ಪರವಾಗಿ ಕೈ ಎತ್ತಿದ್ದರಂತೆ. ಆಮೇಲೆ ಅಧ್ಯಕ್ಷರ ಜೊತೆ ಮಾತಿಗೆ ಮಾತು ಬೆಳೆದು, ಅದೇ ಕಾಯ್ದೆಯಡಿ ಇವರನ್ನೇ ಒಳಗೆ ಹಾಕಿದರು. ಪೊಲೀಸರನ್ನು ಮನೆಗೆ ಕರೆತಂದವನು ಇವರ ಆಪ್ತ ಕಾರ್ಯದರ್ಶಿಯೇ. "ಮಾಡಿದ್ದುಣ್ಣೋ ಮಹರಾಯ ಅಂತ ನಮ್ಮಲ್ಲೊಂದು ಮಾತಿದೆ" ಎಂದು ನಾನು ಅದರ ಅರ್ಥ ಬಿಡಿಸಿ ಹೇಳಿದಾಗ ಮುದುಕರು ಕೆಮ್ಮು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಹೇಳಿದರು: "ಬಿಳಿಯರ ಜೈಲಿನಲ್ಲಿದ್ದದ್ದು ಕೆಲವೇ ತಿಂಗಳು. ಅದು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿದೆ. ನಮ್ಮವರ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತೆ. ಹೆಂಡತಿ ಸತ್ತಾಗ ಮಣ್ಣು ಹಾಕಲೂ ಬಿಡಲಿಲ್ಲ. ಅದು ಯಾವ ಪುಸ್ತಕದಲ್ಲೂ ಇಲ್ಲ. ನಾನು ಸತ್ತಾಗಲಾದರೂ ಯಾರಾದರೂ ಅದನ್ನು ಗಟ್ಟಿಯಾಗಿ ಹೇಳಬೇಕು. ಆಮೇಲೆ ನನ್ನನ್ನು ಅವಳ ಪಕ್ಕದಲ್ಲಿ ಮಲಗಿಸಿಬಿಡಿ."

ಬಿಡುಗಡೆ ಮಾಡಿದ ಕೂಡಲೇ ಅವರನ್ನು ದೇಶದಿಂದ ಹೊರಗಟ್ಟಿದ್ದರು. ಆ ಗಡೀಪಾರು ಆದೇಶ ಇನ್ನೂ ಹಾಗೇ ಇತ್ತು.

ಚಳಿಗಾಲದಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು. ಹೆಣ ಸಾಗಿಸುವ ವಿಮಾನ ಸಿಗಲಿಲ್ಲ. ಸುಡುವುದು ಅವರ ಪದ್ಧತಿಯಲ್ಲ. ಆದರೂ ಬೂದಿಯಾದರೆ ಎಂದಾದರೂ ಕೈಯಲ್ಲಿ ಹಿಡಿದು ಊರಿಗೆ ಒಯ್ಯಬಹುದು, ನಮ್ಮಲ್ಲಿ ಹಾಗೇ ಮಾಡುತ್ತೇವೆ ಎಂದು ನಾನೇ ಹೇಳಿದೆ. ಮಗಳು ಒಂದು ದಿನ ಯೋಚಿಸಿ ಒಪ್ಪಿದಳು.

ಅಷ್ಟರಲ್ಲಿ ಅವರ ದೇಶದಿಂದ ಫೋನ್ ಬಂತು. ಮಾಡಿದವನು ಅದೇ ಹಳೆಯ ಕಾರ್ಯದರ್ಶಿ. ಈಗ ಪಕ್ಷದ ಹಿರಿಯ, ಎಲ್ಲರೂ ಕಾಲಿಗೆ ಬೀಳುವ ಮುತ್ಸದ್ದಿ. ಆದೇಶ ರದ್ದು ಮಾಡಿಸುತ್ತೇನೆ, ಬೂದಿಯನ್ನು ಸರ್ಕಾರಿ ಗೌರವದೊಂದಿಗೆ ನಿನ್ನ ತಾಯಿಯ ಪಕ್ಕದಲ್ಲೇ ಇಡಿಸುತ್ತೇನೆ ಅಂದನಂತೆ. ಅದಕ್ಕೆ ಬದಲಾಗಿ ಆನ್‌ಲೈನ್ ಶ್ರದ್ಧಾಂಜಲಿಯಲ್ಲಿ ಮೊದಲ ಮಾತು ಅವನದಾಗಬೇಕು, ಮನೆಯವರು ಹಳೆಯದನ್ನು ಕೆದಕಬಾರದು. ಮಗಳು ಬೇಲಿ ಹಿಡಿದು ನಿಂತು ಇದನ್ನು ಹೇಳಿದಳು. ಸತ್ತವರ ಆಸೆಗಳನ್ನೇ ಒಂದಕ್ಕೊಂದು ಎತ್ತಿಕಟ್ಟಿ ವ್ಯಾಪಾರಕ್ಕಿಳಿದಿದ್ದ, ನಾಚಿಕೆಗೆಟ್ಟವನು.

"ಸುಮ್ಮನಿರುತ್ತೇನೆ. ಅಪ್ಪ ಅಮ್ಮನ ಹತ್ತಿರ ಹೋಗಲಿ" ಅಂದಳು ಅವಳು.

ನನ್ನ ಗಂಡ, "ಊರ ಉಸಾಬರಿ ನಮಗ್ಯಾಕೆ? ನೀನು ಲಿಂಕ್ ಕಳ್ಸಿ ತೆಪ್ಪಗಿದ್ಬಿಡು, ಎಲ್ಲಾ ಗ್ರ್ಯಾಂಡ್ ಆಗಿರತ್ತೆ" ಅಂದ, ಎಲ್ಲ ಸರಿಹೋಗತ್ತೆ ಅನ್ನೋದಕ್ಕೆ ಐರಿಶರು ಹೇಳುವ ಹಾಗೆ. ಮೀಟಿಂಗಿನ ಹೋಸ್ಟ್ ನಾನೇ ಆಗಿದ್ದೆ.

ಶವದ ಕಾರು ಹೊರಟಾಗ ಬೀದಿಯವರೆಲ್ಲ ಅವರವರ ಗೇಟಿನ ಮುಂದೆ, ಚಳಿಯಲ್ಲಿ, ದೂರ ದೂರ ನಿಂತಿದ್ದರು. ಯಾರೂ ಒಂದು ಮಾತಾಡಲಿಲ್ಲ. ಅವತ್ತಿನ ಒಳ್ಳೆಯ ಶ್ರದ್ಧಾಂಜಲಿ ಅದೊಂದೇ.

ಚಿತಾಗಾರದಲ್ಲಿ ಬೆರಳೆಣಿಕೆಯ ಜನ, ಅವರಲ್ಲಿ ಲ್ಯಾಪ್‌ಟಾಪ್ ಹಿಡಿದ ನಾನೂ ಒಬ್ಬಳು. ಪರದೆಯ ಮೇಲೆ ಆ ಮುತ್ಸದ್ದಿ, ಹಿಂದೆ ಬಾವುಟ, ಕೈಯಲ್ಲಿ ಇಸ್ತ್ರಿ ಮಾಡಿದ ಕರವಸ್ತ್ರ. ಒಣಕಣ್ಣನ್ನೇ ಒರೆಸಿಕೊಳ್ಳುತ್ತ ನನ್ನ ಗುರು, ನನ್ನ ಅಣ್ಣ ಅಂದ. ಆಮೇಲೆ ಅಂದ: "ಈ ಧೀರ ತನ್ನ ಯೌವನವನ್ನೆಲ್ಲ ಬಿಳಿಯರ ಜೈಲಿನಲ್ಲಿ ಕಳೆದ. ಆ ಕತ್ತಲಕೋಣೆಯಲ್ಲಿದ್ದಾಗಲೇ ಹೆಂಡತಿಯನ್ನೂ ಕಳೆದುಕೊಂಡ."

ನಾನು ಕೇಳಿದ್ದನ್ನು ನನಗೇ ನಂಬಲಾಗಲಿಲ್ಲ. ಎರಡನೆಯ ಜೈಲನ್ನು ಮುಚ್ಚಿಟ್ಟಿದ್ದರೂ ಸಹಿಸಬಹುದಿತ್ತು. ಇವನು ಅದನ್ನು ಎತ್ತಿ ಬ್ರಿಟಿಷರ ಲೆಕ್ಕಕ್ಕೆ ಹಾಕಿಬಿಟ್ಟಿದ್ದ. ಆ ಹೆಂಗಸಿನ ಸಾವನ್ನೂ ಸೇರಿಸಿ!

ಮಗಳು ಎದ್ದಳು. ಅವಳ ಕೈಯಲ್ಲಿ ಪ್ರಾರ್ಥನೆಯ ಹಾಳೆಯಿತ್ತು. ಅದನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಕ್ಯಾಮರಾದ ಎದುರಿಗೆ ಬಂದಳು.

"ನಮ್ಮಮ್ಮ ಸತ್ತಾಗ ದೇಶದಲ್ಲಿ ಬಿಳಿಯರಿರಲಿಲ್ಲ. ಅಪ್ಪನನ್ನು ಆ ಜೈಲಿಗೆ ಹಾಕಲು ಪೊಲೀಸರನ್ನು ಮನೆಗೆ ಕರೆತಂದವರು ಈಗ ಮಾತಾಡಿದವರೇ. ಬಾಗಿಲು ತೆರೆದದ್ದು ನಾನು."

"ಮಗೂ, ದುಃಖದಲ್ಲಿ ನೀನು—" ಎಂದು ಅವನು ಬಾಯಿ ಹಾಕಿದ. ನಮ್ಮ ಕಾರ್ಯಕ್ರಮಗಳಲ್ಲಿ ಗಣ್ಯರು ಎಷ್ಟೇ ಕೊರೆದರೂ ನಾನು ಯಾರ ಮೈಕನ್ನೂ ಆರಿಸಿದವಳಲ್ಲ. ಚ್ಯಾಟಿನಲ್ಲಿ ದಯವಿಟ್ಟು ಅಂತ ಬರೆದು, ಕೈಮುಗಿದು ಕಾಯುವುದೇ ನಮ್ಮ ಸಂಸ್ಕಾರ. ಅವತ್ತು ಆರಿಸಿದೆ. ಅವನ ಬಾಯಿ ಮಾತ್ರ ಆಡುತ್ತಿತ್ತು. ಅವಳು ಎಲ್ಲವನ್ನೂ ಹೇಳಿದಳು, ಅಪ್ಪ ಆ ಕಾಯ್ದೆಗೆ ಕೈ ಎತ್ತಿದ್ದನ್ನೂ ಬಿಡದೆ.

ಮರುದಿನ ಅವರ ದೇಶದ ಪತ್ರಿಕೆಯಲ್ಲಿ ಅವನ ಭಾಷಣ ಪೂರ್ತಿ ಬಂತು. ಇವಳ ಒಂದು ಮಾತೂ ಇರಲಿಲ್ಲ. ಸ್ವಲ್ಪ ದಿನ ಬಿಟ್ಟು ಅವನ ಕಚೇರಿಯಿಂದ ಯಾರೋ ಫೋನ್ ಮಾಡಿ, ಸಾಂಕ್ರಾಮಿಕದ ಕಾರಣ ಬೂದಿಯನ್ನು ಬರಮಾಡಿಕೊಳ್ಳಲು ಸದ್ಯಕ್ಕೆ ಅನುಕೂಲವಿಲ್ಲ ಅಂದರು. ಬೂದಿಗೂ ಕೋವಿಡ್ ಅಂತೆ! ನನ್ನ ಬಾಯಲ್ಲಿ ಬರಬಾರದ ಮಾತೆಲ್ಲ ಬಂತು, ಅದೂ ಅಚ್ಚ ಕನ್ನಡದಲ್ಲಿ.

ಅವಳು ಬಯ್ಯಲಿಲ್ಲ. ಫೋನ್ ಕೆಳಗಿಟ್ಟು ಬೇಲಿಯ ಹತ್ತಿರ ಬಂದಳು. "ಅಪ್ಪ ಇಲ್ಲಿ ನನ್ನ ಜೊತೆಗಿರುತ್ತಾನೆ" ಅಂದಳು. "ಅಮ್ಮ ಅಲ್ಲಿ ಒಬ್ಬಳೇ ಆದಳು."