ಕ್ಯಾನು ಭಾವನ ನೀರು

ನಮ್ಮ ಭಾವನಿಗೆ ಒಂದೇ ಒಂದು ದುಶ್ಚಟವೂ ಇರಲಿಲ್ಲ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ. ಚಟವಿಲ್ಲದ ಮನುಷ್ಯನ ಎದುರು ಒಂದು ಸಂಜೆ ಕೂತವರಿಗೆ ಅದರ ಕಷ್ಟ ಗೊತ್ತು. ಮಿಲಿಟರಿ ಕ್ಯಾಂಪಿನ ಪಂಪ್‌ಹೌಸಿನಲ್ಲಿ ಇಡೀ ಸರ್ವಿಸ್ ಕಳೆದವರು. ಜೊತೆಯವರು ರಮ್ ಬಾಟಲಿಗೆ ಸಾಲು ನಿಂತಾಗ ಇವರು ತಮ್ಮ ಬೋರ್‌ವೆಲ್ಲಿನ ನೀರನ್ನು ಲೋಟಕ್ಕೆ ತುಂಬಿ, ಬೆಳಕಿಗೆ ಹಿಡಿದು ನೋಡಿ, ಗಟಗಟ ಕುಡಿಯುತ್ತಿದ್ದರಂತೆ. ನನ್ನ ಕೈಯಲ್ಲಿ ಗ್ಲಾಸು ಕಂಡಾಗಲೆಲ್ಲ, "ಕುಡಿದು ಕುಡಿದು ಸಾಯ್ತೀಯ ಕಣಯ್ಯಾ, ನೀರು ಕುಡಿಯೋದು ಕಲಿ" ಎಂದು ಉಪದೇಶ ಮಾಡುತ್ತಿದ್ದರು.

ನಿವೃತ್ತರಾದ ಮೇಲೂ ಆ ನೀರನ್ನು ಬಿಡಲಿಲ್ಲ. ಹಳೇ ಸಿಬ್ಬಂದಿಗೆ ಕ್ಯಾಂಪಿನ ಗೇಟಿನ ನಲ್ಲಿಯಲ್ಲಿ ನೀರು ಹಿಡಿಯಲು ಅನುಮತಿ ಇತ್ತು. ಸ್ಕೂಟರಿಗೆ ಎರಡು ಕ್ಯಾನು ಕಟ್ಟಿಕೊಂಡು ಹೋಗಿ ತಂದು, ಬೀದಿಯ ನಾಲ್ಕಾರು ಮನೆಗೂ ಹಂಚುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವರು ಕ್ಯಾನು ಭಾವ.

ಆ ನೀರನ್ನು ಬಾಯಿಗಿಡದವಳು ನಮ್ಮಕ್ಕ ಒಬ್ಬಳೇ. "ಪೇಂಟ್ ಡಬ್ಬಿ ವಾಸನೆ ಬರತ್ತೆ ರೀ" ಎಂದು ಮೂಗು ಮುರಿಯುತ್ತಿದ್ದಳು. ಬೀದಿ ನಲ್ಲಿಯ ಕದಡಿದ ನೀರನ್ನೇ ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯುತ್ತಿದ್ದಳು.

"ಎಮ್ಮೆ ತೊಳೆಯೋ ನೀರು ಕುಡಿಯೋಳಿಗೆ ಶುದ್ಧ ನೀರಿನ ರುಚಿ ಎಲ್ಲಿಂದ ಗೊತ್ತಾಗ್ಬೇಕು!" ಎನ್ನುತ್ತಿದ್ದರು ಭಾವ. ಮದುವೆಯಾದಾಗಿನಿಂದ ಅವರಿಬ್ಬರದು ಇದೊಂದೇ ಜಗಳ, ಮತ್ತು ಪ್ರತಿ ಸಲ ಗೆಲ್ಲುತ್ತಿದ್ದುದು ಭಾವನೇ. ಗೆಲ್ಲದೇನು? ನೀರಿನ ಶುದ್ಧತೆಗೆಂದು ಕ್ಯಾಂಪು ಕೊಟ್ಟ ಶೀಲ್ಡು ಶೋಕೇಸಿನಲ್ಲಿ ಅವರ ಪರವಾಗಿ ಸಾಕ್ಷಿ ನಿಂತಿತ್ತಲ್ಲ.

ಪಂಪ್‌ಹೌಸಿನ ಪಕ್ಕದಲ್ಲೇ ಲಾರಿ, ಜೀಪುಗಳ ವರ್ಕ್‌ಶಾಪು. ಅಲ್ಲಿ ಇಂಜಿನ್ನಿನ ಭಾಗಗಳನ್ನು ಜಿಡ್ಡು ಬಿಡಿಸುವ ಯಾವುದೋ ರಾಸಾಯನಿಕದಲ್ಲಿ ತೊಳೆದು, ಉಳಿದದ್ದನ್ನು ಹಿಂದಿನ ಗುಂಡಿಗೆ ಸುರಿಯುತ್ತಿದ್ದರು. ತಪಾಸಣೆಗೆ ಬರುವ ದೊಡ್ಡ ಸಾಹೇಬರ ಕಣ್ಣಿಗೆ ಅಂಗಳದಲ್ಲಿ ಒಂದು ತೊಟ್ಟು ಜಿಡ್ಡೂ ಬೀಳಬಾರದು ನೋಡಿ. ಬೀಳಲೂ ಇಲ್ಲ. ಎಲ್ಲವನ್ನೂ ನೆಲ ಹೊಟ್ಟೆಗೆ ಹಾಕಿಕೊಂಡಿತು, ಬೋರ್‌ವೆಲ್ ನಿಷ್ಠೆಯಿಂದ ಮೇಲೆತ್ತಿತು, ನಮ್ಮ ಭಾವ ಅದಕ್ಕೆ ಅಳತೆಗೆ ಸರಿಯಾಗಿ ಕ್ಲೋರಿನ್ ಬೆರೆಸಿ ಸೈನ್ಯಕ್ಕೆ ಕುಡಿಸಿದರು. ಇಷ್ಟು ಶಿಸ್ತಾಗಿ ವಿಷ ಹಂಚಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೆಲ್ಲ ನಮಗೆ ತಿಳಿದದ್ದು ಹೋದ ವರ್ಷ, ಗೇಟಿನ ನಲ್ಲಿಗೆ ಬೀಗ ಬಿದ್ದಾಗ. ಆ ನೀರನ್ನು ಬಹುಕಾಲ ಕುಡಿದವರಿಗೆ ಮೂತ್ರಪಿಂಡದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು, ಹಳಬರೆಲ್ಲ ಪರೀಕ್ಷೆಗೆ ಬನ್ನಿ ಎಂದು ಕ್ಯಾಂಪು ಹೇಳಿಕಳಿಸಿತು. ಭಾವ ಕೆಂಡವಾದರು. "ಹೊಸ ಸಾಹೇಬ್ರಿಗೆ ಹೊಸ ಪೈಪ್‌ಲೈನ್ ಬೇಕಾಗಿದೆ. ಅದಕ್ಕೆ ನನ್ನ ನೀರಿನ ಮೇಲೆ ಗೂಬೆ ಕೂರಿಸ್ತಿದಾರೆ!" ಎಂದು, ಮನೆಯಲ್ಲಿ ಉಳಿದಿದ್ದ ಕೊನೆಯ ಕ್ಯಾನನ್ನು ಅಡುಗೆಮನೆಯ ಮೂಲೆಗೆ ಸರಿಸಿ, ಹಟಕ್ಕೆ ಬಿದ್ದವರಂತೆ ಅದನ್ನೇ ಕುಡಿಯತೊಡಗಿದರು.

ಅದೇ ವಾರ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಬಚ್ಚಲಲ್ಲಿ ಇವ್ರು ಮೂತ್ರ ಮಾಡಿದ ಕಡೆ ರಕ್ತ ನೋಡ್ದೆ ಕಣೋ. ಕೇಳಿದ್ರೆ ಬೀಟ್‌ರೂಟ್ ತಿಂದಿದ್ದೆ ಅಂತಾರೆ. ನಮ್ಮನೇಗೆ ಬೀಟ್‌ರೂಟ್ ಬಂದು ವರ್ಷ ಆಯ್ತು."

ಕೂಡಲೇ ಅವರ ಮನೆಗೆ ಓಡಿದೆ. ಆಸ್ಪತ್ರೆಯ ಮಾತೆತ್ತಿದರೆ ಭಾವ, "ಮೊದ್ಲು ನಿನ್ನ ಲಿವರ್ ತೋರಿಸ್ಕೋ ಹೋಗು" ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಶೀಲ್ಡಿನ ಕಡೆ ನೋಡುತ್ತಾ ದನಿ ತಗ್ಗಿಸಿ, "ಪರೀಕ್ಷೆಗೆ ಹೋದ್ರೆ ಏನರ್ಥ ಹೇಳು? ಅಷ್ಟೊಂದು ಹುಡುಗ್ರಿಗೆ ನಾನು ವಿಷ ಕುಡಿಸ್ದೆ ಅಂತ ನಾನೇ ಒಪ್ಕೊಂಡ ಹಾಗಲ್ವಾ?" ಎಂದರು.

ಅಕ್ಕ ಒಳಗೆ ಹೋದಳು, ಆ ಕ್ಯಾನು ಬಗ್ಗಿಸಿ ಒಂದು ಲೋಟ ತುಂಬಿಕೊಂಡು ಬಂದು ಅವರೆದುರು ನಿಂತಳು.

"ನೀರು ಒಳ್ಳೇದು ತಾನೇ?"

"ಒಳ್ಳೇದೇ."

"ಹಾಗಾದ್ರೆ ಇವತ್ತಿಂದ ನಾನೂ ಇದನ್ನೇ ಕುಡೀತೀನಿ."

ಲೋಟ ತುಟಿಗೆ ತಾಕಿತ್ತೋ ಇಲ್ಲವೋ, ಭಾವ ಕುರ್ಚಿಯಿಂದ ಹಾರಿ ಅದನ್ನು ಹೊಡೆದು ಬೀಳಿಸಿದರು. ಲೋಟ ಉರುಳಿಕೊಂಡು ಹೋಗಿ ಶೋಕೇಸಿನ ಕಾಲಿಗೆ ಬಡಿದು ನಿಂತಿತು. "ಬೇಡ ಕಣೇ," ಎಂದರು, "ನೀನು ಬೇಡ." ಆಮೇಲೆ ಅವರೇ ಹೋಗಿ ಶೂ ಹಾಕಿಕೊಂಡರು.

ಆಸ್ಪತ್ರೆಗೆ ನೇರವಾಗಿ ಹೋಗಲಿಲ್ಲ. ತಾವು ನೀರು ಕೊಟ್ಟ ಒಂದೊಂದು ಮನೆಯ ಗೇಟಿನಲ್ಲೂ ನಿಂತು, "ನಾನು ತಂದುಕೊಟ್ಟ ನೀರು ಸರಿಯಿರ್ಲಿಲ್ಲ. ನೀವೂ ಒಂದ್ಸಲ ತೋರಿಸ್ಕೊಳ್ಳಿ" ಎಂದು ಹೇಳಿಯೇ ಮುಂದೆ ನಡೆದರು. ಆ ಮನುಷ್ಯನನ್ನು ಅಷ್ಟು ವರ್ಷ ಗೇಲಿ ಮಾಡಿದ್ದ ನನಗೆ, ಅವರ ಹಿಂದೆ ಹೆಜ್ಜೆ ಹಾಕಲು ಅಂದು ಹೆಮ್ಮೆಯಾಯಿತು.

ಪರೀಕ್ಷೆಯಲ್ಲಿ ಮೂತ್ರಪಿಂಡದಲ್ಲೊಂದು ಗಡ್ಡೆ ಸಿಕ್ಕಿತು, ಕ್ಯಾನ್ಸರಿನದೇ. ಆಪರೇಷನ್ ಮಾಡಿ ಒಂದು ಮೂತ್ರಪಿಂಡ ತೆಗೆದರು. ಮನೆಗೆ ಕಳಿಸುವ ದಿನ ಡಾಕ್ಟರು ಬೆನ್ನು ತಟ್ಟಿ, "ಇನ್ಮೇಲೆ ನೀರು ಚೆನ್ನಾಗಿ ಕುಡೀಬೇಕು ನೋಡಿ" ಎಂದರು.

"ಯಾವ ನೀರು ಡಾಕ್ಟ್ರೇ?"

ಡಾಕ್ಟರು ಅದನ್ನು ತಮಾಷೆಯೆಂದುಕೊಂಡು ನಕ್ಕು ಮುಂದಿನ ಮಂಚಕ್ಕೆ ಹೋದರು. ಅಕ್ಕ ಚೀಲದಿಂದ ತನ್ನ ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದಳು. ಬೀದಿ ನಲ್ಲಿಯದು, ಸೋಸಿ ಕುದಿಸಿದ್ದು. ಭಾವ ಬೆಳಕಿಗೆ ಹಿಡಿದು ನೋಡಲಿಲ್ಲ, ಸುಮ್ಮನೆ ಕುಡಿದರು.

ಅಕ್ಕ ಅವರ ಮುಖವನ್ನೇ ನೋಡುತ್ತಾ ಕಾದಳು. "ಎಮ್ಮೆ ತೊಳೆಯೋ ನೀರು ಅನ್ರೀ," ಎಂದಳು. "ಒಂದ್ಸಲ ಅನ್ರೀ." ಅಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

ಭಾವ ಖಾಲಿ ಲೋಟವನ್ನು ಅವಳ ಮುಂದೆ ಚಾಚಿದರು. "ಇನ್ನೊಂದ್ಲೋಟ ಹಾಕು."